ಮೊದಲು ವೈದ್ಯರು, ಆಮೇಲೆ ವಿಚಾರಣೆ

ನಾವು ಬಿಳಿಗಿರಿರಂಗನ ಬೆಟ್ಟದ ಪೋಡುಗಳವರು, ಅಂದರೆ ಸೋಲಿಗರ ಹಾಡಿಗಳವರು. ಯಳಂದೂರು, ಕೊಳ್ಳೇಗಾಲ, ಹನೂರಿನ ಊರುಗಳವರು. ಸೋಲಿಗರು, ಬೇಸಾಯಗಾರರು, ಕೂಲಿಕಾರರು, ವಕೀಲರು, ಆಶಾ ಕಾರ್ಯಕರ್ತೆಯರು. ಠಾಣೆ, ಕೋರ್ಟು, ಜೈಲುಗಳಲ್ಲಿ ಮಾನಸಿಕ ಕಾಯಿಲೆಯವರಿಗೆ ನ್ಯಾಯ ಸಿಗಲೆಂದು ಈ ಚಳವಳಿ ಕಟ್ಟುತ್ತಿದ್ದೇವೆ.

ಈ ಮಾತು ನಮ್ಮ ಸೀಮೆಯಿಂದಲೇ ಏಕೆ? 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ಕಾಡುಗಳ್ಳ ವೀರಪ್ಪನ್ ತಂಡದ ನೆಲಬಾಂಬಿಗೆ 22 ಜನ ಬಲಿಯಾದರು. ಭಯೋತ್ಪಾದನೆ ತಡೆ ಕಾಯ್ದೆ ಟಾಡಾದಡಿ ಮೈಸೂರಿನ ಕೋರ್ಟು ನಾಲ್ವರಿಗೆ ವಿಧಿಸಿದ ಜೀವಾವಧಿಯನ್ನು ಸುಪ್ರೀಂ ಕೋರ್ಟು 2004ರಲ್ಲಿ ಗಲ್ಲಾಗಿ ಹೆಚ್ಚಿಸಿತು. ಕ್ಷಮಾದಾನದ ಅರ್ಜಿ ವರ್ಷಗಟ್ಟಲೆ ಕೊಳೆತದ್ದರಿಂದ 2014ರ ಜನವರಿ 21ರಂದು, ಶತ್ರುಘ್ನ ಚೌಹಾಣ್ ಪ್ರಕರಣದ ತೀರ್ಪಿನಲ್ಲಿ, ಆ ಗಲ್ಲು ತಪ್ಪಿತು. ಸ್ಕಿಜೋಫ್ರೇನಿಯಾದಂಥ ಕಾಯಿಲೆಯೂ ಗಲ್ಲನ್ನು ಜೀವಾವಧಿಗೆ ಇಳಿಸಲು ಕಾರಣವೆಂದು ಹೇಳಿದ್ದು ಅದೇ ತೀರ್ಪು.

ನಮ್ಮದೇ ಕರ್ನಾಟಕದಲ್ಲಿ, ಬೆಂಗಳೂರಿನಲ್ಲಿ, ಆರೋಪಿಗಳಿಗೆ ಮಂಪರು ಪರೀಕ್ಷೆ, ಬ್ರೈನ್ ಮ್ಯಾಪಿಂಗ್ ಮಾಡಿ ಸತ್ಯ ಕಕ್ಕಿಸುವ ಕಾಲವೊಂದಿತ್ತು. ನಿಮ್ಹಾನ್ಸ್ ನಿರ್ದೇಶಕರಾಗಿದ್ದ ಡಾ. ಡಿ. ನಾಗರಾಜ ಅವರ ಸಮಿತಿ 2008ರಲ್ಲಿ ಬ್ರೈನ್ ಮ್ಯಾಪಿಂಗ್‌ಗೆ ವಿಜ್ಞಾನದ ಬಲವಿಲ್ಲ ಎಂದಿತು. ಒಪ್ಪಿಗೆಯಿಲ್ಲದ ಇಂಥ ಪರೀಕ್ಷೆಗಳು ಸಂವಿಧಾನದ 20(3) ಮತ್ತು 21ನೇ ವಿಧಿಗೆ ವಿರುದ್ಧವೆಂದು 2010ರ ಮೇ 5ರಂದು ಸೆಲ್ವಿ ವಿರುದ್ಧ ಕರ್ನಾಟಕ ಸರ್ಕಾರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು.

ತಪ್ಪು ಹುಡುಕಲು ಮೆದುಳಿಗೇ ಕೈಹಾಕಿದ ವ್ಯವಸ್ಥೆ, ಅದೇ ಮೆದುಳಿನ ಕಾಯಿಲೆ ಗುರುತಿಸಲು ಅಷ್ಟು ಆತುರ ತೋರಲಿಲ್ಲ. ನಮ್ಮ ತಕರಾರು ಇದೇ.

ನಮ್ಮ ಹಕ್ಕೊತ್ತಾಯಗಳು:

1. ಬಂಧನದ ನಂತರದ ಮೊದಲ ವೈದ್ಯಕೀಯ ತಪಾಸಣೆಯಲ್ಲೇ ಮನಸ್ಸಿನ ಆರೋಗ್ಯವನ್ನೂ ನೋಡಬೇಕು. ಸೋಲಿಗರನ್ನು, ತಮಿಳರನ್ನು ಅವರವರ ಮಾತಿನಲ್ಲೇ ಕೇಳಬೇಕು. ಬಾಯಿ ಬಿಡದವರು ನಾಟಕವಾಡುತ್ತಾರೆಂದು ತೀರ್ಮಾನಿಸಬಾರದು.

2. ಕೃತ್ಯದ ಹೊತ್ತಿನಲ್ಲಿ ಬುದ್ಧಿ ಸ್ವಸ್ಥವಿರಲಿಲ್ಲವೆಂದು ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಮಿನಡಿ ತೋರಿಸಿಕೊಡುವ ಹೊರೆ ಆರೋಪಿಯದು. ಆಸ್ಪತ್ರೆಯ ಚೀಟಿಯೂ ಇಲ್ಲದ ಬಡವರು ಅದನ್ನು ಹೊರುವುದೆಂತು? ತನಿಖಾಧಿಕಾರಿಯೇ ಚಿಕಿತ್ಸೆಯ ದಾಖಲೆ, ಮನೆಯವರ, ನೆರೆಯವರ ಹೇಳಿಕೆ ಕಲೆಹಾಕಿ ಕೋರ್ಟಿನ ಮುಂದಿಡಬೇಕು.

3. ಮೆದುಳಿನ ಸ್ಕ್ಯಾನು ರೋಗ ತಿಳಿಯಲಿಕ್ಕಿರಲಿ. ಮನುಷ್ಯನ ಉದ್ದೇಶ ಅದರಲ್ಲಿ ಅಚ್ಚಾಗಿರುವುದಿಲ್ಲ. ಯಾವ ಪರೀಕ್ಷೆಗಾದರೂ ಒಪ್ಪಿಗೆಯನ್ನು ವಕೀಲರ ಸಮ್ಮುಖದಲ್ಲಿ, ಮ್ಯಾಜಿಸ್ಟ್ರೇಟರ ಮುಂದೆ ದಾಖಲಿಸಬೇಕು.

4. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 103ನೇ ಕಲಂ ಕೈದಿಗಳ ಚಿಕಿತ್ಸೆಗೆಂದೇ ಇದೆ. ವಿಚಾರಣೆ ಎದುರಿಸಲಾರದವರನ್ನು ಜೈಲಿನಲ್ಲಿ ಮರೆಯದೆ ಆಸ್ಪತ್ರೆಗೆ ಕಳಿಸಬೇಕು. ಕೋರ್ಟು ಆಗಾಗ ವರದಿ ತರಿಸಿಕೊಳ್ಳಬೇಕು.

ನಮಗೂ ಕಟ್ಟುಪಾಡುಗಳಿವೆ. ಕಾಯಿಲೆಯವರೆಲ್ಲ ಅಪರಾಧಿಗಳಲ್ಲ, ಅಪರಾಧವೆಲ್ಲ ಕಾಯಿಲೆಯೂ ಅಲ್ಲ. ಸತ್ತವರ ಮನೆಯ ಸಂಕಟವನ್ನು ಹಗುರಾಗಿ ಕಾಣುವವರಿಗೆ ಇಲ್ಲಿ ಜಾಗವಿಲ್ಲ. ‘ಹುಚ್ಚ’ ಎಂದು ಹೀಗಳೆಯುವುದನ್ನು, ದೆವ್ವ ಹಿಡಿದಿದೆಯೆಂದು ಸರಪಳಿ ಹಾಕುವುದನ್ನು ನಮ್ಮ ಮನೆಗಳಲ್ಲೇ ಮೊದಲು ನಿಲ್ಲಿಸುತ್ತೇವೆ. ಯಳಂದೂರು ತಾಲ್ಲೂಕಿನಲ್ಲಿ ಕುಷ್ಠರೋಗದ ವಿರುದ್ಧ 1986ರಲ್ಲಿ ಕರುಣಾ ಟ್ರಸ್ಟ್ ಹುಟ್ಟಿತು. ನಾಚಿಕೆಯಿಂದ ಬಚ್ಚಿಟ್ಟ ಕಾಯಿಲೆಯನ್ನು ಬೆಳಕಿಗೆ ತರುವ ಕೆಲಸ ಈ ಸೀಮೆಗೆ ಹೊಸದಲ್ಲ.

ಪ್ರತಿ ಪೋಡಿನಿಂದ, ಪ್ರತಿ ಊರಿನಿಂದ ಇಬ್ಬರು ಹೆಸರು ಕೊಡಿ. ಕಾಯಿಲೆಯವರೊಬ್ಬರ ಬಂಧನದ ಸುದ್ದಿ ಬಂದ ದಿನವೇ ಆ ಇಬ್ಬರು ಚಿಕಿತ್ಸೆಯ ಚೀಟಿ ಹಿಡಿದು, ವಕೀಲರನ್ನು ಕರೆದುಕೊಂಡು ಠಾಣೆಗೆ ಹೋಗಬೇಕು.