ತೋಟಕ್ಕೆ 21 ದಿನ, ಮಗನಿಗೆ ಒಂದು ದಿನವೂ ಇಲ್ಲ

ಕುಂಭಾಶಿಯ ಹೆದ್ದಾರಿ ಬದಿಯಲ್ಲಿ ಐದು ಸೆಂಟ್ಸ್ ಜಾಗ ಸರ್ಕಾರಕ್ಕೆ ಬೇಕಾದರೆ ಅದಕ್ಕೊಂದು ಕ್ರಮವಿದೆ. 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯ ಪ್ರಕಾರ ಗೆಜೆಟ್‌ನಲ್ಲಿ ಅಧಿಸೂಚನೆ ಹೊರಡಬೇಕು, ಪತ್ರಿಕೆಯಲ್ಲಿ ಅಚ್ಚಾಗಬೇಕು, ತಕರಾರು ಕೊಡಲು 21 ದಿನ ಬಿಡಬೇಕು, ಆ ತಕರಾರನ್ನು ಅಧಿಕಾರಿ ಕೂತು ಕೇಳಬೇಕು. ಕೇಳಿ ಕಸದ ಬುಟ್ಟಿಗೆ ಹಾಕುತ್ತಾರೆ, ಅದು ಬೇರೆ ಮಾತು. ಆದರೆ ತೆಂಗಿನ ತೋಟ ಕಳೆದುಕೊಳ್ಳುವ ಅದೇ ಮನೆಯ ಮಗನನ್ನು ಗಡಿಗೆ ಕಳಿಸಿ ಯುದ್ಧ ಶುರು ಮಾಡುವುದಕ್ಕೆ ಪ್ರಧಾನಿ ಸದನದ ಮುಂದೆ ಬರಬೇಕಾಗಿಲ್ಲ. ಲೋಕಸಭೆಯ 543 ಮಂದಿಯಲ್ಲಿ ಒಬ್ಬರ ಕೈಯನ್ನೂ ಎತ್ತಿಸಬೇಕಾಗಿಲ್ಲ.

ಸಂವಿಧಾನ ತೆಗೆದು ನೋಡಿ. ಸೇನೆಯ ಪರಮಾಧಿಕಾರ ರಾಷ್ಟ್ರಪತಿಯದು, ಅದರ ಚಲಾವಣೆ ಕಾನೂನಿನ ಕಟ್ಟಿಗೆ ಒಳಪಟ್ಟದ್ದು ಎನ್ನುತ್ತದೆ 53ನೇ ವಿಧಿ. ಕೇಂದ್ರ ಪಟ್ಟಿಯ 15ನೇ ನಮೂದೇ ‘ಯುದ್ಧ ಮತ್ತು ಶಾಂತಿ’. ಅಂದರೆ ಯುದ್ಧಕ್ಕೆ ಕಡಿವಾಣ ಹಾಕುವ ಕಾನೂನು ಮಾಡುವುದಕ್ಕೆ ಸಂಸತ್ತಿಗೆ ಯಾರ ಅಡ್ಡಿಯೂ ಇಲ್ಲ. ಎಪ್ಪತ್ತೈದು ವರ್ಷದಲ್ಲಿ ಮಾಡಲಿಲ್ಲ. 1975ರಲ್ಲಿ ಕೈ ಸುಟ್ಟುಕೊಂಡ ಮೇಲೆ, 1978ರ 44ನೇ ತಿದ್ದುಪಡಿಯಲ್ಲಿ, ತುರ್ತುಪರಿಸ್ಥಿತಿ ಹೇರಲು ಸಂಪುಟದ ಲಿಖಿತ ನಿರ್ಧಾರ ಬೇಕು, ತಿಂಗಳೊಳಗೆ ಎರಡೂ ಸದನಗಳ ಒಪ್ಪಿಗೆ ಬೇಕು ಎಂದು ಬರೆದರು. ಯುದ್ಧದ ನೆಪದಲ್ಲಿ ತುರ್ತುಪರಿಸ್ಥಿತಿ ತಂದರೆ ಸಂಸತ್ತಿಗೆ ಬರಬೇಕು, ಯುದ್ಧಕ್ಕೇ ಹೋದರೆ ಬೇಡ. ಎಂಥ ಲೆಕ್ಕ ಇದು ಮಾರಾಯ್ರೆ?

ಕುಂಭಾಶಿಯ ಆನೆಗುಡ್ಡೆಯ ಐತಿಹ್ಯ ಇಲ್ಲಿಯ ಮಕ್ಕಳಿಗೂ ಬಾಯಿಪಾಠ. ಅಗಸ್ತ್ಯರ ಯಜ್ಞ ಕೆಡಿಸುತ್ತಿದ್ದ ಕುಂಭಾಸುರನನ್ನು ಭೀಮ ಕೊಂದ. ಬರೀ ತೋಳಬಲದಿಂದಲ್ಲ, ಗಣಪತಿ ಖಡ್ಗ ಕೊಟ್ಟ ಮೇಲೆ. ಭೀಮನಂಥ ಭೀಮನೂ ಇನ್ನೊಬ್ಬರ ಕೈಯಿಂದ ಆಯುಧ ಇಸಿದುಕೊಳ್ಳಬೇಕಾಯಿತು. ದಿಲ್ಲಿಯಲ್ಲಿ ಖಡ್ಗ ಕೊಡುವವರೂ ಅವರೇ, ಹಿಡಿಯುವವರೂ ಅವರೇ, ಆಮೇಲೆ ಬ್ಯಾನರಿನಲ್ಲಿ ಫೋಟೋ ಹಾಕಿಸಿಕೊಳ್ಳುವವರೂ ಅವರೇ.

1987ರ ಜುಲೈ 29ರಂದು ಪ್ರಧಾನಿ ರಾಜೀವ್ ಗಾಂಧಿ ಕೊಲಂಬೊದಲ್ಲಿ ಶ್ರೀಲಂಕಾ ಒಪ್ಪಂದಕ್ಕೆ ಸಹಿ ಹಾಕಿದರು, ಮರುದಿನವೇ ನಮ್ಮ ಸೈನ್ಯ ಜಾಫ್ನಾದಲ್ಲಿ ಇಳಿಯಿತು. ಶಾಂತಿ ಕಾಯಲು ಹೋದವರು ಕಾದಾಡಿ, ಸುಮಾರು 1,200 ಹೆಣ ಬಿದ್ದ ಮೇಲೆ 1990ರಲ್ಲಿ ವಾಪಸು ಬಂದರು. ಇಳಿಯುವ ಮೊದಲು ಸದನದಲ್ಲಿ ಮತ ಬಿದ್ದಿತ್ತೇ? ಇಲ್ಲ.

ಅದಕ್ಕಿಂತ ನನಗೆ ಹೊಟ್ಟೆ ಉರಿಯುವುದು ಆಪರೇಷನ್ ಪರಾಕ್ರಮದ ಕತೆ ಕೇಳಿದಾಗ. 2001ರ ಡಿಸೆಂಬರ್ 13ರಂದು ದಾಳಿಯಾದದ್ದು ಸಂಸತ್ತಿನ ಮೇಲೆಯೇ. ಲಕ್ಷಗಟ್ಟಲೆ ಸೈನಿಕರನ್ನು ಗಡಿಗೆ ಸಾಗಿಸಿ, ರಾಜಸ್ಥಾನದ ಬಿಸಿಲಿನಲ್ಲಿ, ಪಂಜಾಬಿನ ಹೊಲಗಳಲ್ಲಿ ಹತ್ತು ತಿಂಗಳು ನಿಲ್ಲಿಸಿದರು. ಯುದ್ಧ ನಡೆಯಲೇ ಇಲ್ಲ. ಸತ್ತವರು 798 ಮಂದಿ. ನೆಲಬಾಂಬು ಹೂಳುವಾಗ ಕೆಲವರು, ಅಪಘಾತಗಳಲ್ಲಿ ಕೆಲವರು. ಈ ಲೆಕ್ಕವನ್ನು ಎಲ್ಲ ಮುಗಿದ ಮೇಲೆ ಸಂಸತ್ತಿನ ಮುಂದಿಟ್ಟವರು ರಕ್ಷಣಾ ಸಚಿವ ಜಾರ್ಜ್ ಫರ್ನಾಂಡಿಸ್. ನಮ್ಮದೇ ಮಂಗಳೂರಿನಲ್ಲಿ ಹುಟ್ಟಿದವರು, 1974ರ ರೈಲ್ವೆ ಮುಷ್ಕರ ಕಟ್ಟಿದವರು, ತುರ್ತುಪರಿಸ್ಥಿತಿಯಲ್ಲಿ ಬೇಡಿ ತೊಟ್ಟ ಕೈ ಎತ್ತಿ ನಿಂತವರು. ಒಬ್ಬರ ಕೈಯಲ್ಲಿ ಅಷ್ಟು ಅಧಿಕಾರ ಕೂಡಿದರೆ ಏನಾಗುತ್ತದೆಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಅವರೂ ಸದನವನ್ನು ಕೇಳಲಿಲ್ಲ.

2025ರ ಮೇ 7ರಂದು ಪಾಕಿಸ್ತಾನದ ಮೇಲೆ ಆಪರೇಷನ್ ಸಿಂಧೂರ. ವಿಶೇಷ ಅಧಿವೇಶನ ಕರೆಯಿರಿ ಎಂದು ವಿರೋಧ ಪಕ್ಷಗಳು ಕೂಗಿದವು, ಕರೆಯಲಿಲ್ಲ. ಕದನವಿರಾಮದ ಸುದ್ದಿ ನಮಗೆ ಮೊದಲು ಬಂದದ್ದು ಅಮೆರಿಕದ ಅಧ್ಯಕ್ಷರ ಬಾಯಿಂದ. ಲೋಕಸಭೆಯಲ್ಲಿ ಚರ್ಚೆ ಶುರುವಾದದ್ದು ಜುಲೈ 28ಕ್ಕೆ. ಅತ್ತ ಮುಜರಾಯಿ ದೇವಸ್ಥಾನಗಳಲ್ಲಿ ಸೈನಿಕರ ಹೆಸರಿನಲ್ಲಿ ಪೂಜೆ ಮಾಡಿಸಿ ಎಂದು ನಮ್ಮ ರಾಜ್ಯ ಸರ್ಕಾರ ಹೇಳಿತು. ದೇವರನ್ನು ಕೇಳುವುದಕ್ಕೆ ಎಲ್ಲ ಪಕ್ಷದವರೂ ಮುಂದು.

ಸದನವನ್ನು ಕೇಳಿದರೆ ಗುಟ್ಟು ಹೊರಬೀಳುತ್ತದೆ, ಶತ್ರುವಿಗೆ ತಿಳಿಯುತ್ತದೆ ಎನ್ನುತ್ತೀರಾ? 1962ರ ಅಕ್ಟೋಬರ್ 20ರಂದು ಚೀನಾ ಮೇಲೆ ಬಿದ್ದಿತ್ತು. ಸಂಸತ್ತು ಕರೆಯಿರಿ ಎಂದು ತರುಣ ವಾಜಪೇಯಿ ಪಟ್ಟು ಹಿಡಿದರು. ನೆಹರೂ ಅಧಿವೇಶನವನ್ನು ನವೆಂಬರ್ 8ಕ್ಕೇ ಕರೆದರು. ಗುಪ್ತ ಕಲಾಪ ಬೇಡವೆಂದು ಬಾಗಿಲು ತೆರೆದಿಟ್ಟೇ ಬೈಸಿಕೊಂಡರು. ಶತ್ರು ಅಸ್ಸಾಮಿನ ಅಂಚಿಗೆ ಬರುತ್ತಿದ್ದಾಗ ಆದದ್ದು ಈಗ ಯಾಕೆ ಆಗದು? ಅಮೆರಿಕದವರು ವಿಯೆಟ್ನಾಮಿನಲ್ಲಿ ಮಕ್ಕಳನ್ನು ಕಳೆದುಕೊಂಡು 1973ರಲ್ಲಿ, ನಿಕ್ಸನ್ ತಡೆದರೂ ಕೇಳದೆ, ಕಾನೂನು ಮಾಡಿದರು: 48 ಗಂಟೆಯೊಳಗೆ ವರದಿ, ಒಪ್ಪಿಗೆ ಸಿಗದಿದ್ದರೆ 60 ದಿನಕ್ಕೆ ನಿಲ್ಲಿಸಬೇಕು. ಬಂದ ಅಧ್ಯಕ್ಷರೆಲ್ಲ ಅದಕ್ಕೆ ತೂತು ಹುಡುಕಿದ್ದಾರೆ, ಸುಳ್ಳಲ್ಲ. ತೂತು ಹುಡುಕಬೇಕಾದರೆ ಮೊದಲು ಬೇಲಿಯಾದರೂ ಇರಬೇಕಲ್ಲ! 2013ರಲ್ಲಿ ಸಿರಿಯಾಕ್ಕೆ ಹೊರಟ ಬ್ರಿಟನ್ನಿನ ಪ್ರಧಾನಿಯನ್ನು ಅಲ್ಲಿಯ ಕೆಳಮನೆ 285–272ರಲ್ಲಿ ಮನೆಯಲ್ಲೇ ಕೂರಿಸಿತು.

ಅಂಗಡಿ ಜಗಲಿಯಲ್ಲಿ ಕೂತು ‘ಒಂದ್ ಸಲ ಯುದ್ಧ ಆಯ್ಕೇ’ ಎನ್ನುವವರ ಮಕ್ಕಳು ಬೆಂಗಳೂರಿನಲ್ಲೋ ದುಬೈಯಲ್ಲೋ ಇರುತ್ತಾರೆ. ಗಡಿಗೆ ಹೋಗುವವನು ಬೇರೆ ಕೆಲಸ ಸಿಗದವನ ಮಗ. ಅವನನ್ನೂ 2022ರಲ್ಲಿ ಅಗ್ನಿವೀರ ಮಾಡಿದರು: ನಾಲ್ಕು ವರ್ಷ ದುಡಿ, ನಾಲ್ವರಲ್ಲಿ ಮೂವರು ಪಿಂಚಣಿ ಇಲ್ಲದೆ ಮನೆಗೆ ಹೋಗಿ. ಅದಕ್ಕೂ ಸಂಸತ್ತಿನಲ್ಲಿ ಮಸೂದೆ ಬರಲಿಲ್ಲ.

ಬೈಂದೂರಿನವರು ಶಿವಮೊಗ್ಗದ ಸಂಸದರಿಗೆ, ಕುಂದಾಪುರ, ಬ್ರಹ್ಮಾವರದವರು ಉಡುಪಿ–ಚಿಕ್ಕಮಗಳೂರಿನ ಸಂಸದರಿಗೆ ಓಟು ಹಾಕುತ್ತೇವೆ. ಖಾಸಗಿ ಸದಸ್ಯರ ಮಸೂದೆ, ನಿರ್ಣಯಗಳಿಗೆಂದೇ ಲೋಕಸಭೆಯಲ್ಲಿ ಶುಕ್ರವಾರದ ಕೊನೆಯ ಎರಡೂವರೆ ಗಂಟೆ ಮೀಸಲಿದೆ. ಈ ಇಬ್ಬರಲ್ಲಿ ಒಬ್ಬರು ಒಂದು ಪುಟದ ಮಸೂದೆ ತರಲಿ: ದಾಳಿಯಾದರೆ ತಕ್ಷಣ ತಡೆಯಿರಿ, ಆದರೆ ಹದಿನೈದು ದಿನದೊಳಗೆ ಸದನಕ್ಕೆ ಬಂದು ಮತ ಪಡೆಯಿರಿ, ಸಿಗದಿದ್ದರೆ ಸೈನ್ಯ ಹಿಂದಕ್ಕೆ ಕರೆಸಿ. ಬಿದ್ದುಹೋಗುತ್ತದೆ, ಗೊತ್ತು. ಬೀಳಲಿ. ಬೇಡ ಎಂದು ಕೈ ಎತ್ತಿದವರ ಪಟ್ಟಿ ನಮಗೆ ಬೇಕು.