ಒಬ್ಬನೇ ಗಿರಾಕಿಯನ್ನು ನಂಬಿದ ಜಟ್ಟಿ

ನಮ್ಮ ಮನೆಯ ಕಿರಿಯರು ಭಾನುವಾರ ಬೆಳಿಗ್ಗೆ ಟಿ.ವಿ.ಯ ಮುಂದೆ ಕುಳಿತು, ಎಂಟು ಮೂಲೆಯ ತಂತಿಬೇಲಿಯೊಳಗೆ ಇಬ್ಬರು ಬಡಿದಾಡುವುದನ್ನು ಕಣ್ಣು ಮಿಟುಕಿಸದೆ ನೋಡುತ್ತಾರೆ. ಕುಸ್ತಿ, ಬಾಕ್ಸಿಂಗ್, ಜೂಡೊ, ಕಿಕ್‌ಬಾಕ್ಸಿಂಗ್ ಎಲ್ಲವೂ ಬೆರೆತ ಈ ಕಾಳಗಕ್ಕೆ ಮಿಶ್ರ ಸಮರಕಲೆ ಎಂದು ಹೆಸರು, ರೂಢಿಯಲ್ಲಿ ಎಂ.ಎಂ.ಎ. ಮೊದಮೊದಲು ಅಸಹ್ಯಪಟ್ಟು ಎದ್ದುಹೋಗುತ್ತಿದ್ದ ನಾನು, ಒಂದು ದಿನ ವ್ಯಾಪಾರಿಯ ಹುಟ್ಟುಗುಣಕ್ಕೆ ಸೋತು, "ಗೆದ್ದವನಿಗೆ ಎಷ್ಟು ಸಿಕ್ಕಿತು?" ಎಂದು ಕೇಳಿದೆ. ಹುಡುಗರಿಗೆ ಗೊತ್ತಿರಲಿಲ್ಲ. ಉತ್ತರ ಹುಡುಕುತ್ತ ಹೊರಟವನಿಗೆ ಎದುರಾದದ್ದು ಕ್ರೀಡೆಯ ಕಥೆಯಲ್ಲ. ನಮ್ಮ ಕೈಗಾರಿಕಾ ವಸಾಹತುಗಳ ಶೆಡ್ಡುಗಳಲ್ಲಿ ನಿತ್ಯವೂ ನಡೆಯುವ ಕಥೆ. ಆದ್ದರಿಂದಲೇ ಈ ವಿಷಯವನ್ನು ವಾಣಿಜ್ಯ ಪತ್ರಿಕೆಯ ಓದುಗರ ಮುಂದಿಡುವ ಧೈರ್ಯ ಮಾಡಿದ್ದೇನೆ.

ಮೊದಲು ಲೆಕ್ಕವನ್ನು ನೋಡೋಣ. ಈ ರಂಗದ ಅತಿ ದೊಡ್ಡ ಸಂಸ್ಥೆ ಅಮೆರಿಕದ ಯು.ಎಫ್.ಸಿ. ಹೊಸಬನೊಬ್ಬನಿಗೆ ಅದು ಬಹುಕಾಲ ಕೊಡುತ್ತಿದ್ದುದು ಕಣಕ್ಕಿಳಿದುದಕ್ಕೆ 10,000 ಡಾಲರ್, ಗೆದ್ದರೆ ಮತ್ತೆ 10,000; ಮುಂದೆ ಇದು ಹನ್ನೆರಡು ಹನ್ನೆರಡು ಸಾವಿರವಾಯಿತು. ಸೋತರೆ ಅರ್ಧವೇ ಗತಿ. ವರ್ಷಕ್ಕೆ ಎರಡು ಅಥವಾ ಮೂರು ಪಂದ್ಯಗಳು ದೊರೆತರೆ ಅದೃಷ್ಟ. ಮೊಣಕಾಲು ತಿರುಚಿಕೊಂಡರೆ ಒಂದೂ ಇಲ್ಲ. ಈ ಹಣದಲ್ಲೇ ವ್ಯವಸ್ಥಾಪಕನ ಪಾಲು, ಗರಡಿಯ ಪಾಲು, ತರಬೇತುದಾರರ ಸಂಭಾವನೆ, ವಾರಗಟ್ಟಲೆ ಅಭ್ಯಾಸ ಶಿಬಿರದ ಖರ್ಚು, ಪಥ್ಯದ ಆಹಾರ, ಕೊನೆಗೆ ಆದಾಯ ತೆರಿಗೆ. ಕಾನೂನಿನ ದೃಷ್ಟಿಯಲ್ಲಿ ಅವನು ಸಂಸ್ಥೆಯ ನೌಕರನಲ್ಲ, ಸ್ವತಂತ್ರ ಗುತ್ತಿಗೆದಾರ. ಹಾಗಾಗಿ ಮಾಸಿಕ ವೇತನವೂ ಇಲ್ಲ, ನೌಕರನಿಗೆ ಸಲ್ಲುವ ನಿವೃತ್ತಿ ಸೌಲಭ್ಯವೂ ಇಲ್ಲ. ಅಭ್ಯಾಸದ ವೇಳೆ ಆದ ಗಾಯಗಳಿಗೂ ವಿಮೆ ದೊರೆಯತೊಡಗಿದ್ದು 2011ರಲ್ಲಿ. ಒಟ್ಟಿನಲ್ಲಿ ಅವನೊಂದು ಏಕವ್ಯಕ್ತಿ ಸಣ್ಣ ಕೈಗಾರಿಕೆ. ಯಂತ್ರವೂ ಅವನೇ, ಕಾರ್ಮಿಕನೂ ಅವನೇ, ಮಾಲೀಕನೂ ಅವನೇ. ನಮ್ಮ ಲೇತ್ ಯಂತ್ರಕ್ಕೆ ಆದಾಯ ತೆರಿಗೆಯಲ್ಲಿ ಸವಕಳಿಯ ರಿಯಾಯಿತಿಯಾದರೂ ಉಂಟು. ಪೆಟ್ಟು ತಿಂದು ಸವೆಯುವ ತಲೆಗೆ ಯಾವ ಸರ್ಕಾರವೂ ಸವಕಳಿಯ ದರವನ್ನು ನಿಗದಿಪಡಿಸಿಲ್ಲ.

ಸಂಸ್ಥೆಯ ಕಡೆಯ ಕಥೆಯನ್ನೂ ನ್ಯಾಯವಾಗಿ ಹೇಳಬೇಕು. 1993ರಲ್ಲಿ ಡೆನ್ವರ್ ನಗರದಲ್ಲಿ ಆರಂಭವಾದ ಯು.ಎಫ್.ಸಿ.ಯನ್ನು 2001ರಲ್ಲಿ ಫರ್ಟಿಟಾ ಸಹೋದರರು ತಮ್ಮ ಝುಫಾ ಕಂಪನಿಯ ಮೂಲಕ ಕೊಂಡದ್ದು ಕೇವಲ 20 ಲಕ್ಷ ಡಾಲರಿಗೆ. ಮುಂದಿನ ಕೆಲವು ವರ್ಷ ಕೋಟಿಗಟ್ಟಲೆ ಡಾಲರು ನಷ್ಟ. 2005ರಲ್ಲಿ ಯಾವ ವಾಹಿನಿಯೂ ಹಣ ಹಾಕಲು ಮುಂದಾಗದಿದ್ದಾಗ, ಸ್ವಂತ ಖರ್ಚಿನಲ್ಲಿ ಒಂದು ಟಿ.ವಿ. ಸರಣಿಯನ್ನು ತಯಾರಿಸಿ ಜೂಜಿಗಿಟ್ಟರು. ಅದರ ಅಂತಿಮ ಪಂದ್ಯ ಜನರನ್ನು ಹಿಡಿದು ನಿಲ್ಲಿಸಿತು; ದಿಕ್ಕು ಬದಲಾಯಿತು. 2016ರಲ್ಲಿ ಅದೇ ಸಂಸ್ಥೆ ಸುಮಾರು 400 ಕೋಟಿ ಡಾಲರಿಗೆ ಮಾರಾಟವಾಯಿತು. ಬಂಡವಾಳ ಹಾಕಿ, ನಷ್ಟ ಸಹಿಸಿ, ಮಾರುಕಟ್ಟೆಯನ್ನೇ ಸೃಷ್ಟಿಸಿದ ಈ ಸಾಹಸವನ್ನು ವ್ಯಾಪಾರಿಗಳಾದ ನಾವು ಮೆಚ್ಚದಿರಲಾರೆವು. ಆದರೆ ಇದೇ ಅವಧಿಯಲ್ಲಿ ಇನ್ನೊಂದು ಕೆಲಸವೂ ನಡೆಯಿತು. 2007ರಲ್ಲಿ ಜಪಾನಿನ ಪ್ರೈಡ್, 2011ರಲ್ಲಿ ಕ್ಯಾಲಿಫೋರ್ನಿಯಾದ ಸ್ಟ್ರೈಕ್‌ಫೋರ್ಸ್, ಹೀಗೆ ಎದುರಾಳಿ ಸಂಸ್ಥೆಗಳನ್ನು ಒಂದೊಂದಾಗಿ ಖರೀದಿಸಲಾಯಿತು. ಜಟ್ಟಿಗಳ ಕೌಶಲಕ್ಕೆ ಬೆಲೆ ಕಟ್ಟುವ ಅಂಗಡಿಗಳು ಮೊದಲು ಮೂರು ನಾಲ್ಕು ಇದ್ದದ್ದು, ಕ್ರಮೇಣ ಹೇಳಿಕೊಳ್ಳುವಂತಹುದು ಒಂದೇ ಉಳಿಯಿತು.

ಒಂದೇ ಅಂಗಡಿ ಉಳಿದಾಗ ಏನಾಗುತ್ತದೆ ಎಂಬುದಕ್ಕೆ ಜಾನ್ ಫಿಚ್ ಎಂಬ ಅಮೆರಿಕನ್ ಪಟುವಿನ ವೃತ್ತಿಜೀವನವನ್ನು ನೋಡಬೇಕು. ಪರ್ಡ್ಯೂ ವಿಶ್ವವಿದ್ಯಾಲಯದ ಕುಸ್ತಿ ತಂಡದಲ್ಲಿ ಪಳಗಿದ ಇವರು 2005ರಲ್ಲಿ ಯು.ಎಫ್.ಸಿ. ಪ್ರವೇಶಿಸಿ ಸತತ ಎಂಟು ಪಂದ್ಯಗಳನ್ನು ಗೆದ್ದರು. 2008ರ ಆಗಸ್ಟಿನಲ್ಲಿ ಜಾರ್ಜ್ ಸೇಂಟ್ ಪಿಯರ್ ವಿರುದ್ಧ ಪ್ರಶಸ್ತಿಗಾಗಿ ಐದು ಸುತ್ತು ಹೋರಾಡಿ, ಮುಖವೆಲ್ಲ ಊದಿಸಿಕೊಂಡು, ತೀರ್ಪುಗಾರರ ನಿರ್ಣಯದಲ್ಲಿ ಸೋತರು. ಸೋತರೂ ಕೊನೆಯ ಗಂಟೆಯವರೆಗೆ ನಿಂತವರೆಂದು ಪ್ರೇಕ್ಷಕರ ಗೌರವ ಗಳಿಸಿದರು. ಇದಾದ ಸುಮಾರು ಮೂರು ತಿಂಗಳಿಗೆ, ಒಂದು ವೀಡಿಯೊ ಆಟಕ್ಕಾಗಿ ತಮ್ಮ ರೂಪದ ಹಕ್ಕನ್ನು ಆಜೀವಪರ್ಯಂತ ಬರೆದುಕೊಡುವಂತೆ ಸಂಸ್ಥೆ ಕೇಳಿತು. ಹಕ್ಕಿಗೆ ಒಂದು ಕಾಲಮಿತಿ ಇರಲಿ ಎಂದು ಫಿಚ್ ಹಿಂಜರಿದರು. ಒಡನೆಯೇ ಅವರನ್ನು ಕೈಬಿಡಲಾಯಿತು. ಮರುದಿನವೋ ಎಂಬಷ್ಟು ಬೇಗ ಸಹಿ ಬಿತ್ತು, ಅವರು ಮರಳಿ ಒಳಗೆ ಬಂದರು. ತಮ್ಮ ತೂಕದ ವರ್ಗದಲ್ಲಿ ಪ್ರಪಂಚದ ಎರಡನೆಯ ಶ್ರೇಷ್ಠ ಪಟು ಎಂದು ಅನೇಕರು ಭಾವಿಸಿದ್ದ ವ್ಯಕ್ತಿಗೆ ಚೌಕಾಸಿ ಮಾಡಲು ಸಿಕ್ಕ ಅವಧಿ ಅಷ್ಟೇ.

2013ರ ಫೆಬ್ರವರಿಯಲ್ಲಿ ಫಿಚ್ ಅವರನ್ನು ಶಾಶ್ವತವಾಗಿ ಕೈಬಿಟ್ಟರು. ಆ ಹೊತ್ತಿಗೆ ಸಂಸ್ಥೆಯಲ್ಲಿ ಅವರು ಆಡಿದ್ದ ಹದಿನೆಂಟು ಪಂದ್ಯಗಳಲ್ಲಿ ಹದಿನಾಲ್ಕು ಗೆಲುವು, ಮೂರು ಸೋಲು, ಒಂದು ಸಮ. ತಮ್ಮ ತೂಕದ ವರ್ಗದಲ್ಲಿ ಮೊದಲ ಹತ್ತರೊಳಗೆ ಸ್ಥಾನವೂ ಇತ್ತು. ಎದುರಾಳಿಯನ್ನು ನೆಲಕ್ಕೆ ಕೆಡವಿ ಅದುಮಿ ಹಿಡಿಯುವ ಅವರ ಶೈಲಿ ನೋಡಲು ನೀರಸ ಎಂಬ ಆಕ್ಷೇಪ ಮೊದಲಿನಿಂದಲೂ ಇತ್ತೆನ್ನುವುದು ನಿಜ. ಗಿರಾಕಿಗೆ ಬೇಕಾದದ್ದು ಬರಿಯ ಗೆಲುವಲ್ಲ, ಮನರಂಜನೆ. ಬೇಡದ ಸರಕನ್ನು ಕೊಳ್ಳುವಂತೆ ಯಾರನ್ನೂ ಬಲವಂತಪಡಿಸಲಾಗದು. ಇದನ್ನು ನಾನು ಒಪ್ಪುತ್ತೇನೆ. ನನ್ನ ಪ್ರಶ್ನೆ ಬೇರೆ: ಆ ಬಾಗಿಲು ಮುಚ್ಚಿದಾಗ ತಟ್ಟಲು ಸಮಾನವಾದ ಇನ್ನೊಂದು ಬಾಗಿಲು ಇತ್ತೇ? ಇರಲಿಲ್ಲ. ಸಣ್ಣ ಸಂಸ್ಥೆಯೊಂದರ ಕಣಕ್ಕೆ ಇಳಿದ ಫಿಚ್, ತಾವೇ ಹಿಂದೊಮ್ಮೆ ಸೋಲಿಸಿದ್ದ ಜಾಶ್ ಬರ್ಕ್‌ಮನ್ ಎದುರು ಒಂದು ನಿಮಿಷವೂ ತುಂಬುವ ಮೊದಲೇ ಪ್ರಜ್ಞೆ ತಪ್ಪಿ ಸೋತರು. ಮುಂದೆ ಚೇತರಿಸಿಕೊಂಡು 2020ರವರೆಗೂ ಆಡಿದರು. ಅದು ಅವರ ಗಟ್ಟಿತನ, ವ್ಯವಸ್ಥೆಯ ಉಪಕಾರವಲ್ಲ.

ಇಲ್ಲಿ ನನ್ನದೇ ಒಂದು ಮಾತು. ಬಹಳ ವರ್ಷಗಳ ಹಿಂದೆ ನನ್ನ ಘಟಕದ ವಹಿವಾಟಿನಲ್ಲಿ ರೂಪಾಯಿಗೆ ಹದಿಮೂರಾಣೆಯಷ್ಟು ಒಂದೇ ದೊಡ್ಡ ಕಂಪನಿಗೆ ಹೋಗುತ್ತಿತ್ತು. ಆರಂಭದಲ್ಲಿ ಅದೊಂದು ಹೆಮ್ಮೆ. ಬ್ಯಾಂಕಿನ ವ್ಯವಸ್ಥಾಪಕರು ಎದ್ದು ನಿಂತು ಕೈಕುಲುಕುತ್ತಿದ್ದರು. ಪ್ರತಿವರ್ಷ ದರದಲ್ಲಿ ಇಷ್ಟು ಶೇಕಡಾ ಕಡಿತ ಎಂಬ ಷರತ್ತು ಬಂತು. ಡೈಗಳು ನನ್ನ ಖರ್ಚಿನಲ್ಲಿ ತಯಾರಾದರೂ ಅವುಗಳಿಂದ ಬೇರೆಯವರಿಗೆ ಮಾಲು ಮಾಡಿಕೊಡುವಂತಿಲ್ಲ ಎಂಬ ಷರತ್ತು ಬಂತು. ಖರೀದಿ ಆದೇಶದ ಬೆನ್ನಿನಲ್ಲಿ ಇರುವೆಸಾಲಿನಂತೆ ಅಚ್ಚಾದ ಆ ಸಾಲುಗಳನ್ನು ನಾನು ಓದಿಯೇ ಇರಲಿಲ್ಲ. ಒಂದು ದಿನ ಹೊಸ ಸರಬರಾಜುದಾರ ಸಿಕ್ಕಿದನೆಂದು ಎರಡು ಸಾಲಿನ ಪತ್ರ ಬಂತು. ಹನ್ನೊಂದು ಜನ ಕೆಲಸಗಾರರ ಎದುರು ಅದನ್ನು ಓದಿ ಹೇಳಿದ ಮಧ್ಯಾಹ್ನವನ್ನು ನಾನು ಮರೆತಿಲ್ಲ. ಫಿಚ್ ಅವರ ಸಹಿಯ ಕಥೆಯನ್ನು ಓದಿದಾಗ ನನಗೆ ಆ ಮಧ್ಯಾಹ್ನ ನೆನಪಾಯಿತು.

ಯು.ಎಫ್.ಸಿ. ಒಪ್ಪಂದದ ಬೆನ್ನಿನ ಸಾಲುಗಳೂ ಇದೇ ಜಾತಿಯವು. ಒಪ್ಪಂದದ ಅವಧಿಯಲ್ಲಿ ಬೇರೆಡೆ ಆಡುವಂತಿಲ್ಲ. ಗಾಯಗೊಂಡರೆ ಅಥವಾ ಸೂಚಿಸಿದ ಪಂದ್ಯವನ್ನು ನಿರಾಕರಿಸಿದರೆ ಆ ಕಾಲವನ್ನು ಅವಧಿಗೆ ಸೇರಿಸಿ ಮುಂದೂಡಬಹುದು. ಅವಧಿ ಮುಗಿದ ಮೇಲೂ ಬೇರೆಯವರು ಕೊಡುವ ದರಕ್ಕೆ ಸರಿಗಟ್ಟಿ ಉಳಿಸಿಕೊಳ್ಳುವ ಹಕ್ಕು ಸಂಸ್ಥೆಗೆ. ಎಲ್ಲಕ್ಕಿಂತ ವಿಚಿತ್ರವಾದುದು ಚಾಂಪಿಯನ್ನನ ಷರತ್ತು: ಪ್ರಶಸ್ತಿ ಗೆದ್ದವನ ಒಪ್ಪಂದ ತಾನಾಗಿಯೇ ವಿಸ್ತರಣೆಗೊಳ್ಳುತ್ತದೆ. ಮಾರುಕಟ್ಟೆಯಲ್ಲಿ ಬೆಲೆ ಅತ್ಯಂತ ಏರಿದ ಕ್ಷಣದಲ್ಲೇ ಮಾರುಕಟ್ಟೆಗೆ ಹೋಗುವ ದಾರಿ ಮುಚ್ಚುತ್ತದೆ. ಸಾಲದೆಂಬಂತೆ 2015ರಲ್ಲಿ ರೀಬಾಕ್ ಕಂಪನಿಯ ಸಮವಸ್ತ್ರ ಕಡ್ಡಾಯವಾಯಿತು. ಅಲ್ಲಿಯವರೆಗೆ ಪಟುಗಳು ಚಡ್ಡಿಯ ಮೇಲೆ, ಬೆನ್ನ ಹಿಂದಿನ ಬ್ಯಾನರಿನ ಮೇಲೆ ತಮ್ಮದೇ ಪ್ರಾಯೋಜಕರ ಹೆಸರು ಹಾಕಿಕೊಂಡು ಗಳಿಸುತ್ತಿದ್ದ ಬದಿಯ ಸಂಪಾದನೆ ನಿಂತಿತು. ಬದಲಿಗೆ ಐದು ಪಂದ್ಯಗಳವರೆಗಿನ ಹೊಸಬನಿಗೆ ಪ್ರತಿ ಪಂದ್ಯಕ್ಕೆ 2,500 ಡಾಲರ್, ಚಾಂಪಿಯನ್ನನಿಗೆ 40,000. ದೊಡ್ಡ ಗಿರಾಕಿಯ ಕೆಲಸದ ನಡುವೆ ಸಣ್ಣಪುಟ್ಟ ಜಾಬ್‌ವರ್ಕ್ ಹಿಡಿದು ವಿದ್ಯುತ್ ಬಿಲ್ಲು ಕಟ್ಟಿಕೊಳ್ಳುವ ನಮ್ಮವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ.

2014ರ ಡಿಸೆಂಬರಿನಲ್ಲಿ ಕುಂಗ್ ಲೀ, ನೇಟ್ ಕ್ವಾರಿ ಹಾಗೂ ಇದೇ ಜಾನ್ ಫಿಚ್ ಏಕಸ್ವಾಮ್ಯ ವಿರೋಧಿ ಕಾನೂನಿನಡಿ ಝುಫಾ ವಿರುದ್ಧ ದಾವೆ ಹೂಡಿದರು. ಪಟುಗಳಿಗೆ ಸಂದಾಯವಾಗುತ್ತಿದ್ದುದು ಸಂಸ್ಥೆಯ ಆದಾಯದ ಸುಮಾರು ಐದನೆಯ ಒಂದು ಭಾಗವಷ್ಟೇ ಎಂಬ ಲೆಕ್ಕ ಆ ದಾವೆಯಿಂದಾಗಿ ಬೆಳಕಿಗೆ ಬಂತು. ಆಟಗಾರರ ಸಂಘಗಳು ಬಲವಾಗಿರುವ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಮತ್ತು ಫುಟ್‌ಬಾಲ್ ಲೀಗುಗಳಲ್ಲಿ ಈ ಪಾಲು ಹೆಚ್ಚುಕಡಿಮೆ ಅರ್ಧದಷ್ಟಿದೆ. ವ್ಯಾಜ್ಯ ಹತ್ತು ವರ್ಷ ನಡೆಯಿತು. 2024ರಲ್ಲಿ ಮೊದಲು ಮುಂದಿಟ್ಟ 33.5 ಕೋಟಿ ಡಾಲರಿನ ರಾಜಿಯನ್ನು ನ್ಯಾಯಾಧೀಶರು ತಿರಸ್ಕರಿಸಿದರು; ಕೊನೆಗೆ 37.5 ಕೋಟಿ ಡಾಲರಿನ ರಾಜಿಗೆ 2025ರ ಫೆಬ್ರವರಿಯಲ್ಲಿ ಒಪ್ಪಿಗೆ ದೊರೆಯಿತು. 2010ರ ಅಂತ್ಯದಿಂದ 2017ರ ಮಧ್ಯದವರೆಗೆ ಆಡಿದ ಸಾವಿರಕ್ಕೂ ಮಿಕ್ಕ ಪಟುಗಳಿಗೆ ಇದು ಹಂಚಿಕೆಯಾಗತಕ್ಕದ್ದು. ಬೇಗ ಇತ್ಯರ್ಥವಾಗಲಿ, ಕೈಯಲ್ಲಿ ಕಾಸಿಲ್ಲ, ತಲೆಯ ಪೆಟ್ಟಿನ ಪರಿಣಾಮಗಳು ಕಾಣಿಸಿಕೊಂಡಿವೆ ಎಂದು ಹಲವು ಮಾಜಿ ಪಟುಗಳು ನ್ಯಾಯಾಲಯಕ್ಕೆ ಬರೆದುಕೊಂಡಿದ್ದರು. ಹಣ ಬಂತು, ಸಂತೋಷ. ಆದರೆ ರಾಜಿ ಹಣಕ್ಕೆ ಮಾತ್ರ. ಒಪ್ಪಂದದ ಸಾಲುಗಳನ್ನು ತಿದ್ದಲಿಲ್ಲ. 2017ರ ನಂತರದವರ ಪರವಾಗಿ 2021ರಲ್ಲಿ ಇನ್ನೊಂದು ದಾವೆ ಹೂಡಬೇಕಾಯಿತು.

ಒಪ್ಪಿಕೊಂಡೇ ಸಹಿ ಹಾಕಿದವರು ಅಲ್ಲವೇ ಎಂದು ಕೇಳುವವರಿದ್ದಾರೆ. ನಮ್ಮ ಸದಸ್ಯರಲ್ಲೇ ಹಾಗೆ ಕೇಳುವವರು ಅನೇಕರು. ಅವರಿಗೆ ನಾನು ಫ್ರಾನ್ಸಿಸ್ ಎನ್‌ಗಾನು ಅವರನ್ನು ತೋರಿಸುತ್ತೇನೆ. ಕ್ಯಾಮರೂನಿನ ಹಳ್ಳಿಯಲ್ಲಿ ಬಾಲ್ಯದಲ್ಲೇ ಮರಳಿನ ಗಣಿಯಲ್ಲಿ ದುಡಿದು, 2013ರಲ್ಲಿ ನಿರ್ಗತಿಕನಾಗಿ ಪ್ಯಾರಿಸ್ ತಲುಪಿದ ಈತ 2021ರಲ್ಲಿ ಯು.ಎಫ್.ಸಿ. ಹೆವಿವೇಟ್ ಚಾಂಪಿಯನ್ ಆದರು. 2022ರ ಜನವರಿಯ ಪಂದ್ಯಕ್ಕೆ ಅವರಿಗೆ ಘೋಷಿತ ಸಂಭಾವನೆ ಆರು ಲಕ್ಷ ಡಾಲರ್. ದಾವೆ ನಡೆಯುತ್ತಿದ್ದ ಕಾಲದಲ್ಲಿ ಒಪ್ಪಂದಗಳಿಗೆ ಐದು ವರ್ಷಗಳ ಗರಿಷ್ಠ ಮಿತಿ ಬಂದಿತ್ತು. ಎನ್‌ಗಾನು ಹೊಸ ಒಪ್ಪಂದಕ್ಕೆ ಸಹಿ ಹಾಕದೆ, ಮೊಣಕಾಲಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಆ ಮಿತಿ ಮುಗಿಯುವವರೆಗೆ ಸುಮ್ಮನೆ ಕಾದರು. ಆರೋಗ್ಯ ವಿಮೆ, ಸ್ವಂತ ಪ್ರಾಯೋಜಕರು, ಪಟುಗಳ ಪರ ಮಾತನಾಡಲು ಒಬ್ಬ ಪ್ರತಿನಿಧಿ, ಇವು ಅವರು ಕೇಳಿದ್ದವುಗಳಲ್ಲಿ ಕೆಲವು. ಕೊಡಲಾಗದೆಂದಾಗ 2023ರ ಜನವರಿಯಲ್ಲಿ ಹೊರಬಂದರು. ಅದೇ ವರ್ಷದ ಅಕ್ಟೋಬರಿನಲ್ಲಿ ರಿಯಾದ್‌ನಲ್ಲಿ ಬಾಕ್ಸಿಂಗ್ ಚಾಂಪಿಯನ್ ಟೈಸನ್ ಫ್ಯೂರಿಯನ್ನು ಮೂರನೆಯ ಸುತ್ತಿನಲ್ಲಿ ನೆಲಕ್ಕುರುಳಿಸಿ, ಕೂದಲೆಳೆಯ ಅಂತರದಲ್ಲಿ ಸೋತರು. ಆ ಒಂದು ರಾತ್ರಿಯ ಗಳಿಕೆ ಹಿಂದಿನ ಸಂಭಾವನೆಗಿಂತ ಅನೇಕ ಪಟ್ಟು ಎಂದು ವರದಿಯಾಯಿತು. ಮನುಷ್ಯನೂ ಅದೇ, ಮುಷ್ಟಿಯೂ ಅದೇ. ಬದಲಾದದ್ದು ಕೊಳ್ಳುವವರ ಸಂಖ್ಯೆ. ಆದರೆ ವರ್ಷಗಟ್ಟಲೆ ಆದಾಯವಿಲ್ಲದೆ ಕಾಯುವ ಶಕ್ತಿ ಎಷ್ಟು ಜನರಿಗಿದೆ? ಮೊದಲ ಒಪ್ಪಂದದ ಹುಡುಗನಿಗಂತೂ ಇಲ್ಲ. ನಮ್ಮ ದೇಶದ ಪೂಜಾ ತೋಮರ್ 2024ರ ಜೂನಿನಲ್ಲಿ ಯು.ಎಫ್.ಸಿ. ಪಂದ್ಯ ಗೆದ್ದ ಮೊದಲ ಭಾರತೀಯ ಮಹಿಳೆಯಾದಾಗ ನಾವೆಲ್ಲ ಹಿಗ್ಗಿದೆವು. ಅವರ ಹಾದಿ ಹಿಡಿಯಬಯಸುವ ಮಕ್ಕಳ ತಂದೆತಾಯಿಗಳು ಪದಕಕ್ಕಿಂತ ಮೊದಲು ಕಾಗದ ನೋಡಬೇಕೆಂದು ನನ್ನ ಬಿನ್ನಹ.

ಕಾನೂನು ಇದ್ದರೆ ಸಾಲದೇ ಎಂದರೆ, ಅದೂ ಅರ್ಧ ಸತ್ಯ. ಅಮೆರಿಕದಲ್ಲಿ 2000ದಲ್ಲೇ ಮಹಮ್ಮದ್ ಅಲಿ ಹೆಸರಿನ ಕಾಯಿದೆ ಬಂದು, ಬಾಕ್ಸಿಂಗ್ ಪಂದ್ಯದ ಆದಾಯವನ್ನು ಪಟುವಿಗೆ ತಿಳಿಸಬೇಕೆಂದು ವಿಧಿಸಿತು. ಅದನ್ನು ಎಂ.ಎಂ.ಎ.ಗೂ ವಿಸ್ತರಿಸುವ ಮಸೂದೆ 2016ರಲ್ಲಿ ಮಂಡನೆಯಾದರೂ ಕಾಯಿದೆಯಾಗಲಿಲ್ಲ. ನಮ್ಮಲ್ಲಿ 2006ರ ಎಂ.ಎಸ್.ಎಂ.ಇ. ಅಭಿವೃದ್ಧಿ ಕಾಯಿದೆ ಇದೆ. ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಗೆ 45 ದಿನಗಳೊಳಗೆ ಪಾವತಿಯಾಗಬೇಕು, ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ. ನಮ್ಮಲ್ಲಿ ಎಷ್ಟು ಜನ ಆ ಬಡ್ಡಿಯನ್ನು ಕೇಳಿದ್ದೇವೆ? ಮುಂದಿನ ಆದೇಶ ಅದೇ ಕೈಯಿಂದ ಬರಬೇಕಾಗಿರುವಾಗ ದೂರು ಬರೆಯಲು ಲೇಖನಿ ಏಳುವುದಿಲ್ಲ. ಒಬ್ಬೊಬ್ಬರಾಗಿ ಹೋದರೆ ಫಿಚ್ ಅವರಿಗೆ ಸಿಕ್ಕ ಅವಧಿಯೇ ನಮಗೂ ಸಿಗುವುದು.

ಆದ್ದರಿಂದ ಸಂಸ್ಥೆಯ ಆಡಳಿತ ಮಂಡಲಿಗೆ ನನ್ನದೊಂದು ಸಲಹೆ. ಸದಸ್ಯರು ತಮ್ಮ ಮುಖ್ಯ ಗಿರಾಕಿಯ ಖರೀದಿ ಆದೇಶದ ಒಂದು ಪ್ರತಿಯನ್ನು, ಹೆಸರು ಮತ್ತು ದರಗಳನ್ನು ಮರೆಮಾಡಿ, ಕಾರ್ಯಾಲಯಕ್ಕೆ ಕಳುಹಿಸಿಕೊಡಲಿ. ಡೈಗಳ ಮಾಲೀಕತ್ವ, ಬೇರೆಯವರಿಗೆ ಮಾರುವ ನಿರ್ಬಂಧ, ವಾರ್ಷಿಕ ದರ ಕಡಿತ, ಡೆಬಿಟ್ ನೋಟಿನ ಅಧಿಕಾರ, ಆದೇಶ ರದ್ದುಪಡಿಸಲು ಕೊಡಬೇಕಾದ ಮುನ್ಸೂಚನೆ, ಈ ವಿಷಯಗಳ ಷರತ್ತುಗಳನ್ನು ಒಬ್ಬ ವಕೀಲರಿಂದ ಓದಿಸಿ, ಒಪ್ಪಬಹುದಾದ ಒಂದು ಮಾದರಿ ಕರಾರನ್ನು ಸಿದ್ಧಪಡಿಸಿ ಇದೇ ಪತ್ರಿಕೆಯಲ್ಲಿ ಪ್ರಕಟಿಸಲಿ. ನನ್ನ ಬಳಿಯಿರುವ ಹಳೆಯ ಆದೇಶವನ್ನು, ಅದರ ಬೆನ್ನಿನ ಸಾಲುಗಳ ಸಮೇತ, ಮೊದಲ ಪ್ರತಿಯಾಗಿ ನಾನೇ ಕೊಡುತ್ತೇನೆ.