ಪಾಟ್ಲಿ ಅಡವು ಇಡೂಕಿಂತ ಮೊದಲ

ಹೋದ ವಾರ ಹಿಂದಿನ ಮನಿ ವೈನಿ ಬಂದಿದ್ರು. ಚಹಾ ಕುಡದು ಮುಗಿಯೂತನಕ ಏನೂ ಅನ್ನಲಿಲ್ಲ. ಆಮ್ಯಾಲೆ ಪರ್ಸಿನ್ಯಾಗಿಂದ ಒಂದು ಕಾಗದ ತಗದ್ರು. "ಸೊಸಿ ಬಿ.ಎ. ಮಾಡ್ಯಾಳ. ಐಟಿಗೆ ಹೋಗ್ತೀನಂತಾಳ. ಈ ಕ್ಲಾಸಿನವರು 80 ಸಾವಿರ ತುಂಬಿದ್ರ ನೌಕರಿ ಗ್ಯಾರಂಟಿ ಅಂತಾರ. ನನ್ನ ಸರಾ ಬ್ಯಾಂಕಿನ್ಯಾಗ ಇಟ್ರ ಆಗ್ತದ. ನೀ ಆ ದಾರೀಲೆ ಹೋದಾಕಿ, ಹೇಳವಾ."

"ಸೊಸಿ ಖಂಡಿತ ಹೋಗಲಿ ವೈನಿ. ಸರಾ ಮಾತ್ರ ಕೊಳ್ಳಾಗ ಇರಲಿ" ಅಂದೆ. ಅಷ್ಟಕ್ಕ ಅವರಿಗೆ ಸಮಾಧಾನ ಆಗಲಿಲ್ಲ. ಇದನ್ನ ಕೇಳೋರು ಅವರೊಬ್ಬರ ಅಲ್ಲ, ಅದಕ್ಕ ಇಲ್ಲೆ ಪೂರ್ತಿ ಬರದೀನಿ.

ನಂದು ಬಿ.ಕಾಂ. ಒಂಬತ್ತು ವರ್ಷ ಪತ್ತಿನ ಸಂಘದಾಗ ಲೆಕ್ಕ ಬರದಾಕಿ. 36ನೇ ವಯಸ್ಸಿಗೆ ಸಾಫ್ಟ್‌ವೇರ್ ಟೆಸ್ಟಿಂಗ್ ಕಲೀಬೇಕಂತ ಅವ್ವನ ಪಾಟ್ಲಿ ಅಡವು ಇಟ್ಟು ಒಂದು ಕ್ಲಾಸಿಗೆ 60 ಸಾವಿರ ತುಂಬಿದೆ. ಮೂರು ತಿಂಗಳಾದ ಮ್ಯಾಲೆ ಅಲ್ಲಿಯವರು ಹೇಳಿದ್ದೇನು ಗೊತ್ತೇನ್ರಿ? "ಮೇಡಂ, ಬಯೋಡಾಟಾದಾಗಿಂದ ಸಂಘದ ಕೆಲಸ ತಗೀರಿ. ಎರಡು ವರ್ಷ ಕಂಪನ್ಯಾಗ ಟೆಸ್ಟರ್ ಇದ್ದೆ ಅಂತ ಬರೀರಿ. ಕಾಗದಪತ್ರ ನಾವು ಮಾಡಿ ಕೊಡ್ತೀವಿ."

ಆ ರಾತ್ರಿ ನಿದ್ದಿ ಬರಲಿಲ್ಲ. ಕಂಪನಿಯವರು ಹಳೇ ನೌಕರಿದು ತಪಾಸಣಿ ಮಾಡ್ತಾರ, ಪಿಎಫ್ ದಾಖಲೆ ಕೇಳ್ತಾರ. ಸುಳ್ಳು ಅಂತ ಗೊತ್ತಾದ್ರ ಸೇರಿದ ಮ್ಯಾಲೂ ತಗದುಹಾಕ್ತಾರ. ನಾ ಒಲ್ಲೆ ಅಂದೆ. ರೊಕ್ಕ ತಿರುಗಿ ಬರಲಿಲ್ಲ. ಪಾಟ್ಲಿ ಬಿಡಿಸಿಕೊಳ್ಳಾಕ ಎರಡು ವರ್ಷ ಹಿಡೀತು. ಅವ್ವ ಒಮ್ಮೆನೂ ಕೇಳಲಿಲ್ಲ. ಮದವಿಗೆ ಹೋಗೂಮುಂದ ಮಾತ್ರ ಗಾಜಿನ ಬಳಿ ಕೈತುಂಬ ಹಾಕ್ಕೋತಿದ್ಲು.

ಕಡೀಕೆ ನನಗ ನೌಕರಿ ಕೊಡಿಸಿದ್ದು ಅವರು ತಗೀರಿ ಅಂದಿದ್ದ ಸಂಘದ ಕೆಲಸನ! ಲೆಕ್ಕದ ಸಾಫ್ಟ್‌ವೇರ್ ಮಾಡೂ ಸಣ್ಣ ಕಂಪನಿ. ಸಂದರ್ಶನದಾಗ ಕೇಳಿದ್ರು: "ಸಾಲದ ಮೊತ್ತ ತುಂಬೂ ಸ್ಕ್ರೀನ್ ಅದ, ಹ್ಯಾಂಗ ಪರೀಕ್ಷಾ ಮಾಡ್ತೀರಿ?" ನಾ ಅಂದೆ: "ಸೊನ್ನಿ ಹಾಕಿ ನೋಡ್ತೀನಿ. ಖಾಲಿ ಬಿಟ್ಟು ನೋಡ್ತೀನಿ. ಮೊತ್ತದ ಜಾಗಾದಾಗ ಹೆಸರು ಬರೀತೀನಿ. ಮಿತಿ 50,000 ಇದ್ರ ಮೊದಲ ಅಷ್ಟ ಹಾಕಿ, ಆಮ್ಯಾಲೆ 50,001 ಹಾಕ್ತೀನಿ. ಕಂತು ಪ್ರತಿ ತಿಂಗಳು 31ಕ್ಕ ಅಂತಿದ್ರ ಫೆಬ್ರುವರಿದಾಗ ಏನ್ ಮಾಡ್ತದ ನೋಡ್ತೀನಿ." ಇವೆಲ್ಲಾ ಸಂಘದ ಕೌಂಟರ್‌ದಾಗ ಕೂತು ಕಂಡ ತಪ್ಪುಗಳು.

ಎಸ್‌ಕ್ಯೂಎಲ್ ಅಂದ್ರ ಎಲ್ಲಾರೂ ಅಂಜತಾರ. 1974ರಾಗ ಐಬಿಎಂನ ಚೇಂಬರ್ಲಿನ್ ಮತ್ತ ಬಾಯ್ಸ್ ಅದರ ಬಗ್ಗೆ ಮೊದಲ ಬರದಾಗ, ಕಂಪ್ಯೂಟರ್ ಪಂಡಿತರಲ್ಲದ ಲೆಕ್ಕದವರಂಥವರೂ ಬಳಸಲಿ ಅಂತನ ಬರದದ್ದು. ಏನು ಬೇಕು ಅನ್ನೋದು ಸೆಲೆಕ್ಟ್, ಯಾವ ರಿಜಿಸ್ಟರಿನಿಂದ ಅನ್ನೋದು ಫ್ರಮ್, ಯಾವ ಷರತ್ತಿಗೆ ಅನ್ನೋದು ವೇರ್. ಕಂತು ಬಾಕಿ ಇದ್ದ ಮೆಂಬರ್ ಹೆಸರು ಹುಡುಕಿದವರಿಗೆ ಇದು ಹೊಸಾದಲ್ಲ.

ಹಂಗಂತ ಹಗುರ ಅನ್ನೂದಿಲ್ಲ. ಹದಿನಾಲ್ಕು ತಿಂಗಳು ಅರ್ಜಿ ಹಾಕೀನಿ. ಮೊದಲ ವರ್ಷದ ಪಗಾರ ಸಂಘದ ಪಗಾರಕಿಂತ ಕಡಿಮಿ ಇತ್ತು. ಎಲ್ಲಾ ಕ್ಲಾಸಿನವರೂ ಮೋಸಗಾರರು ಅಂತನೂ ಅನ್ನೂದಿಲ್ಲ. ಗ್ಯಾರಂಟಿ ಅನ್ನೋರಿಗೆ ಮಾತ್ರ ಕೇಳ್ರಿ: ಬರದು ಕೊಡ್ತೀರೇನು? ನೌಕರಿ ಸಿಗದಿದ್ರ ರೊಕ್ಕ ಯಾವಾಗ ತಿರುಗಿ ಕೊಡ್ತೀರಿ? ಅದಕ್ಕೂ ಮೊದಲ ಸರ್ಕಾರದ 'ಸ್ವಯಂ'ದಾಗ ಐಐಟಿ ಮಾಸ್ತರರ ಪಾಠ ಪುಕ್ಕಟೆ ಅವ, ಮೂರು ತಿಂಗಳು ಕಲ್ತು ನೋಡಲಿ. ಪರೀಕ್ಷಾ ಬರದು ಸರ್ಟಿಫಿಕೇಟ್ ಬೇಕಂದ್ರಷ್ಟ ಫೀ.

ವೈನಿ, ನಿಮ್ಮ ಸೊಸಿ ಮದವಿಕಿಂತ ಮೊದಲ ದವಾಖಾನಿ ರಿಸೆಪ್ಷನ್‌ದಾಗ ಎರಡು ವರ್ಷ ಇದ್ದಾಕಿ. ಒಂದ ಹೆಸರಿನ ಇಬ್ಬರು ಪೇಷಂಟ್ ಬಂದ್ರ ಏನು ಗೊಂದಲ ಆಗ್ತದ ಅಂತ ಆಕಿಗೆ ಗೊತ್ತದ. ದವಾಖಾನಿ ಸಾಫ್ಟ್‌ವೇರ್ ಮಾಡೋರಿಗೆ ಅಂಥಾಕಿನ ಬೇಕು. ಆ ಎರಡು ವರ್ಷ ಬಯೋಡಾಟಾದಾಗ ಮ್ಯಾಲೆ ಬರೀಲಿ, ಮುಚ್ಚಿಡೂದು ಬ್ಯಾಡ.

ನಿಮ್ಮಿಂದ ಆಕಿಗೆ ಬೇಕಾದ್ದು 80 ಸಾವಿರ ಅಲ್ಲ, ದಿನಾ ಎರಡು ತಾಸು. ಸಂಜಿಕೆ ಆರರಿಂದ ಎಂಟರತನಕ ಯಾರೂ ಆಕಿನ್ನ ಕರೀಬಾರದು. ಆ ಹೊತ್ತಿನ ರೊಟ್ಟಿ ನೀವು ಬಡೀರಿ, ಇಲ್ಲಾ ಮಗನ ಕಡೆ ಬಡಸ್ರಿ. ರವಿವಾರ ಮಧ್ಯಾಹ್ನ ಆಕಿನ್ನ ನನ್ನ ಕಡೆ ಕಳಸ್ರಿ, ಲ್ಯಾಪ್‌ಟಾಪ್ ಖಾಲಿ ಇರ್ತದ.